ಮನುಷ್ಯನು ಎಷ್ಟು ಬಾಳುತ್ತಾನೆ?

ನಮ್ಮ ಹಳ್ಳಿಗಳಲ್ಲಿ ಹೊಸಬನೊಬ್ಬನ ಹೆಸರು ಕೇಳಿಬಂದರೆ ಜಗಲಿಯ ಮೇಲೆ ಮೊದಲು ಹುಟ್ಟುವ ಪ್ರಶ್ನೆ ಒಂದೇ: "ಅವನಿಗೆ ಆಸ್ತಿ ಎಷ್ಟುಂಟು?" ಅವನು ಸತ್ಯವಂತನೋ, ಆಡಿದ ಮಾತಿಗೆ ನಿಲ್ಲುವವನೋ, ಕೂಲಿಯವನಿಗೆ ಹೊತ್ತು ಮುಳುಗುವದರೊಳಗೆ ಕೂಲಿ ಕೊಡುವವನೋ ಎಂಬ ಪ್ರಶ್ನೆಗಳು ಆಮೇಲೆ ಬಂದರೆ ಬಂದವು, ಬಾರದೆ ಹೋದರೂ ಯಾರೂ ಅದನ್ನು ಕೊರತೆಯೆಂದು ಎಣಿಸುವದಿಲ್ಲ. ಹೆಣ್ಣು ಕೊಡುವವರೂ ತರುವವರೂ ಇದನ್ನೇ ಕೇಳುತ್ತಾರೆ. ಸಿನೆಮಾ ನಟರನ್ನೂ ಕ್ರಿಕೆಟ್ ಆಟಗಾರರನ್ನೂ ಕುರಿತು ನಮ್ಮ ಯೌವನಸ್ಥರು ಇದನ್ನೇ ವಿಚಾರಿಸುತ್ತಾರೆ. ಗದ್ದೆಯ ಬದುವಿನ ಮೇಲೆ ಕೂತ ಹುಡುಗನು ತನ್ನ ಮೊಬೈಲನ್ನು ನೋಡಿ ಇಂಥ ನಟನ ಆಸ್ತಿ ಇಷ್ಟು ಕೋಟಿ ಎಂದು ಥಟ್ಟನೆ ಹೇಳಬಲ್ಲನು. ತನ್ನ ತಂದೆಯು ಸೊಸೈಟಿಗೆ ಕೊಡಬೇಕಾದ ಸಾಲವೆಷ್ಟೆಂದು ಕೇಳಿದರೆ ಅವನಿಗೆ ತಿಳಿಯದು.

ಈ ಪ್ರಶ್ನೆಯನ್ನು ಕೇಳಲೇ ಕೂಡದೆಂದು ನಾವು ಹೇಳುವದಿಲ್ಲ. ಅದಕ್ಕೆ ಸಿಕ್ಕುವ ಉತ್ತರವು ಏನನ್ನು ತಿಳಿಸುತ್ತದೆ, ಏನನ್ನು ತಿಳಿಸಲಾರದು ಎಂಬದನ್ನು ಮಾತ್ರ ಶಾಂತವಾಗಿ ವಿಚಾರಿಸೋಣ. ಯಾಕಂದರೆ ಈ ಉತ್ತರವನ್ನು ತಪ್ಪಾಗಿ ಹಿಡಿದದ್ದರಿಂದ ನಮ್ಮ ಜಿಲ್ಲೆಯಲ್ಲಿ ಮನುಷ್ಯರ ಪ್ರಾಣಗಳಿಗೂ ಅಪಾಯ ಬಂದದ್ದುಂಟು.

ಮೊದಲು ನಮ್ಮ ಸಮೀಪದ ದೃಷ್ಟಾಂತವನ್ನು ನೋಡೋಣ. ಪಾಲಹಳ್ಳಿಯೂ ಶ್ರೀರಂಗಪಟ್ಟಣದ ಸುತ್ತಲಿನ ಗ್ರಾಮಗಳೂ ಮಂಡ್ಯ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಈ ಕ್ಷೇತ್ರದಲ್ಲಿ 2024ನೆಯ ಏಪ್ರಿಲ್ 26ರಂದು ಚುನಾವಣೆ ನಡೆಯಿತು. ಕಾಂಗ್ರೆಸ್ ಪಕ್ಷದ ಅಭ್ಯರ್ಥಿಯಾಗಿದ್ದ, ಸ್ಟಾರ್ ಚಂದ್ರು ಎಂದು ಹೆಸರಾದ ವೆಂಕಟರಮಣೇಗೌಡರು ತಮ್ಮ ಪ್ರಮಾಣಪತ್ರದಲ್ಲಿ ಸುಮಾರು 622 ಕೋಟಿ ರೂಪಾಯಿಯ ಆಸ್ತಿಯನ್ನು ತೋರಿಸಿದರು. ದೇಶದಲ್ಲಿ ಆ ಎರಡನೆಯ ಹಂತದ ಚುನಾವಣೆಗೆ ನಿಂತವರೆಲ್ಲರಲ್ಲಿ ಅದೇ ಅತ್ಯಧಿಕವಾಗಿತ್ತು. ಅವರಿಗೆ ಎದುರಾಗಿ ನಿಂತ ಜನತಾದಳದ ಎಚ್.ಡಿ. ಕುಮಾರಸ್ವಾಮಿಯವರು ತೋರಿಸಿದ ಆಸ್ತಿ ಸುಮಾರು 217 ಕೋಟಿ. ಅದೇ ಹಂತದಲ್ಲಿ ಮಹಾರಾಷ್ಟ್ರದ ಒಬ್ಬ ಅಭ್ಯರ್ಥಿಯು ತನಗಿರುವದು 500 ರೂಪಾಯಿ ಎಂದು ಬರೆದನು. ಆ ತಿಂಗಳುಗಳಲ್ಲಿ ನಮ್ಮ ಚಹದಂಗಡಿಗಳಲ್ಲಿ ಈ ಕೋಟಿಗಳ ಮಾತೇ ಮಾತು. ಜೂನ್ 4ರಂದು ಎಣಿಕೆಯಾದಾಗ 217 ಕೋಟಿಯವರು 622 ಕೋಟಿಯವರಿಗಿಂತ 2 ಲಕ್ಷ 84 ಸಾವಿರಕ್ಕೂ ಹೆಚ್ಚು ಮತಗಳನ್ನು ಪಡೆದು ಗೆದ್ದರು. ಜನರು ಯಾರನ್ನು ಆರಿಸಬೇಕಿತ್ತೆಂಬದು ನಮ್ಮ ವಿಷಯವಲ್ಲ. ಅಷ್ಟು ದಿನ ಎಲ್ಲರ ಬಾಯಲ್ಲಿದ್ದ ಆ ಅಂಕಿಯು, ಮತ ಹಾಕುವ ಹೊತ್ತಿನಲ್ಲಿ ಎಲ್ಲವನ್ನೂ ತೀರ್ಮಾನಿಸಲಿಲ್ಲವೆಂಬದನ್ನು ಮಾತ್ರ ಗುರುತಿಸುತ್ತೇವೆ.

ಇಂಥ ಲೆಕ್ಕವನ್ನು ಹೇಗೆ ಮಾಡುತ್ತಾರೆ? ಒಬ್ಬನಿಗಿರುವ ನೆಲ, ಮನೆ, ಚಿನ್ನ, ವಾಹನ, ಬ್ಯಾಂಕಿನ ಠೇವಣಿ, ಕಂಪನಿಗಳ ಷೇರು ಇವೆಲ್ಲಕ್ಕೂ ಆ ದಿನದ ಧಾರಣೆಯಂತೆ ಬೆಲೆ ಕಟ್ಟಿ ಕೂಡಿಸುತ್ತಾರೆ. ಆ ಮೊತ್ತದಿಂದ ಅವನು ಕೊಡಬೇಕಾದ ಸಾಲಗಳನ್ನು ಕಳೆಯುತ್ತಾರೆ. ಉಳಿದದ್ದೇ ನಿವ್ವಳ. ನಾವು ಮೇಲೆ ಹೇಳಿದ ಕೋಟಿಗಳು ಸಾಲವನ್ನು ಕಳೆಯುವ ಮುಂಚಿನ ಮೊತ್ತಗಳು. ಅಭ್ಯರ್ಥಿಯ ಪ್ರಮಾಣಪತ್ರದಲ್ಲಿ ಆಸ್ತಿಯನ್ನೂ ಸಾಲವನ್ನೂ ಬೇರೆ ಬೇರೆಯಾಗಿ ಬರೆಯತಕ್ಕದ್ದು. ಓದುವವರಲ್ಲಿ ಅನೇಕರು ಮೊದಲನೆಯದನ್ನು ಕಂಡು ಬೆರಗಾಗಿ, ಎರಡನೆಯದನ್ನು ನೋಡದೆ ಬಿಡುತ್ತಾರೆ. ಫೋರ್ಬ್ಸ್ ಎಂಬ ಅಮೇರಿಕದ ಪತ್ರಿಕೆಯು 1987ರಿಂದ ಲೋಕದ ಮಹಾಧನವಂತರ ಪಟ್ಟಿಯನ್ನು ಪ್ರಕಟಿಸುತ್ತಾ ಬಂದಿದೆ. ಅದರಲ್ಲಿ ಹೆಚ್ಚಿನ ಪಾಲು ಷೇರುಗಳ ಬೆಲೆಯಿಂದಲೇ ಕಟ್ಟಲ್ಪಟ್ಟ ಲೆಕ್ಕ. ಆದಕಾರಣ ರಾತ್ರಿ ಮಲಗಿದ ಮನುಷ್ಯನೇ ಬೆಳಿಗ್ಗೆ ಏಳುತ್ತಾನೆ. ಅವನ ಬುದ್ಧಿಯೂ ಬಲವೂ ಗುಣವೂ ಇದ್ದಂತೆಯೇ ಇವೆ. ಆದರೆ ಷೇರು ಪೇಟೆ ಇಳಿದದ್ದರಿಂದ ಅವನು ನೂರಾರು ಕೋಟಿ ಕಡಿಮೆಯಾಗಿದ್ದಾನೆ. ಹಾಗೆಯೇ 2023ನೆಯ ಮಾರ್ಚ್ ತಿಂಗಳಲ್ಲಿ ತೆರೆಯಲ್ಪಟ್ಟ ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯಲ್ಲಿ ಎರಡೆಕರೆ ಉಳ್ಳವನು, ಒಂದು ಸಾಲನ್ನೂ ಹೆಚ್ಚಾಗಿ ಉಳದೆ, ಒಂದು ಕಾಳನ್ನೂ ಹೆಚ್ಚಾಗಿ ಬೆಳೆಯದೆ ಧನವಂತನೆನಿಸಿಕೊಳ್ಳಬಹುದು.

ಬೆಲೆಯು ವಸ್ತುವಿನಲ್ಲಿ ನೆಲೆಯಾಗಿರದೆ ಕೊಳ್ಳುವವರ ಮನಸ್ಸಿನಲ್ಲಿ ಅಲೆದಾಡುವದೆಂಬದಕ್ಕೆ ಪಾಲಹಳ್ಳಿಗೆ ನೆರೆಯಾದ ಶ್ರೀರಂಗಪಟ್ಟಣಕ್ಕಿಂತ ಉತ್ತಮ ಸಾಕ್ಷಿ ಬೇಕಿಲ್ಲ. 1799ನೆಯ ಮೇ 4ರಂದು ಆ ಕೋಟೆ ಬಿದ್ದು ಟಿಪ್ಪು ಸುಲ್ತಾನನು ಹತನಾದ ಮೇಲೆ, ಗೆದ್ದ ಸೈನ್ಯದವರು ಅರಮನೆಯ ಭಂಡಾರಕ್ಕೆ ಬೆಲೆ ಕಟ್ಟಿ ಹಂಚಿಕೊಂಡರು. ಮೊತ್ತವು 11 ಲಕ್ಷ ಪೌಂಡಿಗೂ ಮಿಕ್ಕಿತ್ತು. ಚಿನ್ನದ ತಗಡು ಹೊದಿಸಿದ್ದ ಸಿಂಹಾಸನವನ್ನು ಸಹ ಪಾಲಿಗಾಗಿ ಒಡೆದು ತುಂಡುಮಾಡಿದರು. ಸೇನಾಧಿಪತಿಯಾದ ಹ್ಯಾರಿಸ್ ಎಂಬಾತನಿಗೆ ಎಂಟರಲ್ಲೊಂದು ಪಾಲು, ಅಂದರೆ 1 ಲಕ್ಷ 42 ಸಾವಿರ ಪೌಂಡಿಗೂ ಹೆಚ್ಚು, ದಕ್ಕಿತು. ಸಾಮಾನ್ಯ ಆಂಗ್ಲ ಸಿಪಾಯಿಗೆ ಸುಮಾರು 7 ಪೌಂಡು. ನಮ್ಮ ದೇಶದ ಸಿಪಾಯಿಗೆ ಸುಮಾರು 5 ಪೌಂಡು. ಅದೇ ಬಿಸಿಲಿನಲ್ಲಿ ನಡೆದು, ಕಾವೇರಿಯ ಅದೇ ಬಂಡೆಗಳನ್ನು ದಾಟಿದ ಈ ಮನುಷ್ಯನು ತನ್ನ ಸೇನಾಧಿಪತಿಗಿಂತ 28,000 ಪಾಲು ಕೀಳಾಗಿದ್ದನೋ? ಗುಂಡು ತಗಲಿದಾಗ ಅವನ ನೋವು ಅಷ್ಟು ಪಾಲು ಕಡಿಮೆಯಾಗಿತ್ತೋ? ಪಾಲಿನ ಪಟ್ಟಿಯು ಪದವಿಯನ್ನು ಎಣಿಸಿತು, ಮನುಷ್ಯನನ್ನು ಎಣಿಸಲಿಲ್ಲ.

ಅರಮನೆಯಲ್ಲಿ ಸುಲ್ತಾನನ ಶಯನಗೃಹದ ಖಡ್ಗವು ಸಿಕ್ಕಿತು; ಅದನ್ನು ಕೋಟೆಯ ಮುತ್ತಿಗೆಗೆ ಮುಂದಾಳಾಗಿದ್ದ ಬೇರ್ಡ್ ಎಂಬ ಸೇನಾನಿಗೆ ಕೊಟ್ಟರು. ಆ ಖಡ್ಗವೇ 2023ನೆಯ ಮೇ ತಿಂಗಳಲ್ಲಿ ಲಂಡನ್ ನಗರದ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೆ ಮಾರಲ್ಪಟ್ಟಿತು. 1799ರಲ್ಲಿ ಇಡೀ ರಾಜ್ಯದ ಭಂಡಾರಕ್ಕೆ ಬರೆದ ಅಂಕಿಗಿಂತ ಒಂದೇ ಕತ್ತಿಗೆ ಬರೆದ ಅಂಕಿಯು ದೊಡ್ಡದು! ಎರಡು ಕಾಲಗಳ ಪೌಂಡು ಒಂದೇ ಅಲ್ಲವೆಂಬದು ನಿಜವೇ; ಆದರೂ ಕಬ್ಬಿಣವು ಆ ಕಬ್ಬಿಣವೇ, ಚಿನ್ನವು ಆ ಚಿನ್ನವೇ. ತನ್ನ ತಲೆದೆಸೆಯಲ್ಲಿ ಇದನ್ನಿಟ್ಟುಕೊಂಡು ಮಲಗಿದವನನ್ನು ಇದು ಆ ದಿನ ಕಾಯಲಿಲ್ಲ. ಇಂದಿನ ಬೆಲೆಯು ಅವನಿಗೆ ಒಂದು ಗಳಿಗೆಯನ್ನೂ ಹೆಚ್ಚಾಗಿ ಕೊಡಲಾರದು.

ಈ ಲೆಕ್ಕಕ್ಕೆ ಇನ್ನೊಂದು ವಿಚಿತ್ರ ಗುಣವುಂಟು. ಅದೇನಂದರೆ, ಕೊಟ್ಟವನು ಇದರಲ್ಲಿ ಸಣ್ಣವನಾಗುತ್ತಾನೆ. ಬೆಂಗಳೂರಿನ ವಿಪ್ರೋ ಕಂಪನಿಯ ಅಜೀಂ ಪ್ರೇಮ್‌ಜಿಯವರು 2019ನೆಯ ಮಾರ್ಚ್ ತಿಂಗಳಲ್ಲಿ ತಮ್ಮ ಷೇರುಗಳ ಮತ್ತೊಂದು ದೊಡ್ಡ ಭಾಗದ ಫಲವನ್ನು ವಿದ್ಯಾಭ್ಯಾಸ ಮೊದಲಾದ ಧರ್ಮಕಾರ್ಯಗಳಿಗೆ ಬಿಟ್ಟುಕೊಟ್ಟರು. ಮೊದಲಿನಿಂದ ಕೊಟ್ಟದ್ದೆಲ್ಲವೂ ಸೇರಿ ಅದು 1 ಲಕ್ಷ 45 ಸಾವಿರ ಕೋಟಿ ರೂಪಾಯಿ ಆಯಿತೆಂದು ಆಗ ಪ್ರಕಟಿಸಿದರು. ಹಿಂದಿನ ವರುಷ ಭಾರತದ ಧನವಂತರ ಪಟ್ಟಿಯಲ್ಲಿ ಎರಡನೆಯವರಾಗಿದ್ದ ಅವರು ಆ ವರುಷ 17ನೆಯವರಾದರು. ನೋಡಿರಿ: ಯಾವ ಕಾರ್ಯದಿಂದ ಅವರು ನಮ್ಮ ಕಣ್ಣಿಗೆ ದೊಡ್ಡವರಾದರೋ ಅದೇ ಕಾರ್ಯದಿಂದ ಪಟ್ಟಿಯಲ್ಲಿ ಚಿಕ್ಕವರಾದರು. ಹಾಗೆಯೇ ನಟರಾದ ಪುನೀತ್ ರಾಜ್‌ಕುಮಾರರು 2021ನೆಯ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನಮಾಡಲಾಯಿತು. ಅವುಗಳಿಂದ ನಾಲ್ವರು ದೃಷ್ಟಿಯನ್ನು ಪಡೆದರು. ಅವರ ಆಸ್ತಿ ಎಷ್ಟು ಕೋಟಿಯೆಂದು ಜೀವಮಾನವೆಲ್ಲಾ ಲೆಕ್ಕ ಹಾಕಿದವರಲ್ಲಿ ಒಬ್ಬನಾದರೂ ಆ ಎರಡು ಕಣ್ಣುಗಳನ್ನು ಲೆಕ್ಕಕ್ಕೆ ಸೇರಿಸಿದ್ದನೋ?

ನಮ್ಮ ಕನ್ನಡ ಭಾಷೆಯು ಈ ವಿಷಯದಲ್ಲಿ ನಮಗಿಂತ ಬುದ್ಧಿಯುಳ್ಳದ್ದು. ಸಂತೆಯಲ್ಲಿ ಒಂದು ಜೊತೆ ಎತ್ತನ್ನು ನೋಡಿ "ಇವು ಎಷ್ಟು ಬಾಳಿಯಾವು?" ಎಂದು ಕೇಳುತ್ತೇವೆ. ಮದುಮಕ್ಕಳನ್ನು ಹರಸುವಾಗ "ನೂರು ಕಾಲ ಬಾಳಿರಿ" ಎನ್ನುತ್ತೇವೆ. ಬೆಲೆಯುಳ್ಳದ್ದಾಗಿರುವದಕ್ಕೂ ಜೀವಿಸುವದಕ್ಕೂ ಒಂದೇ ಮಾತು. ಎತ್ತಿಗೆ ಕೇಳುವ ಪ್ರಶ್ನೆಯನ್ನು ಮನುಷ್ಯನಿಗೆ ಕೇಳುವದಾದರೆ ಅದರ ಉತ್ತರವನ್ನು ಹಣದಲ್ಲಿ ಹುಡುಕಬಾರದು, ಅವನ ಬಾಳಿನಲ್ಲಿ ಹುಡುಕಬೇಕು. ಅವನು ಎಷ್ಟು ಬಾಳುತ್ತಾನೆ ಎಂದರೆ, ಅವನು ಹೇಗೆ ಬಾಳುತ್ತಾನೆ ಎಂದೇ ಅರ್ಥ.

ಇಲ್ಲಿ ಒಬ್ಬ ವಾಚಕನು ಹೀಗನ್ನಬಹುದು: "ಈ ಮಾತು ಹೊಟ್ಟೆ ತುಂಬಿದವರಿಗೆ ಚೆನ್ನ. ಹಣವಿಲ್ಲದವನಿಗೆ ಔಷಧವೂ ಇಲ್ಲ, ಮಗನ ಫೀಸೂ ಇಲ್ಲ, ಊರಲ್ಲಿ ಮರ್ಯಾದೆಯೂ ಇಲ್ಲ. ಹಣವನ್ನು ಹೀಯಾಳಿಸುವದು ಬಡವನಿಗೆ ಏನು ಪ್ರಯೋಜನ?" ಈ ಆಕ್ಷೇಪವು ನ್ಯಾಯವಾದದ್ದು. ಹಣವು ಹೊಲಸೆಂದು ನಾವು ಹೇಳುವದಿಲ್ಲ. ಹಾಗೆ ಹೇಳುವವರು ಅನೇಕವೇಳೆ ಅದನ್ನು ಗುಟ್ಟಾಗಿ ಪ್ರೀತಿಸುವವರೇ. ಪಾಲಹಳ್ಳಿಯ ಪೂರ್ವಕಥೆಯನ್ನು ನೆನೆಯಿರಿ. 1847ರಲ್ಲಿ ಗ್ರೋವ್ಸ್ ಕಂಪನಿಯವರು ಇಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯನ್ನು ಸ್ಥಾಪಿಸಿ, ಸುತ್ತಲಿನ ರೈತರು ಕಾಯಿಸಿದ ಬೆಲ್ಲವನ್ನು ಕೊಂಡು ಅದನ್ನು ಶುದ್ಧಮಾಡಿ ಸಕ್ಕರೆ ತೆಗೆಯುತ್ತಿದ್ದರು. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ಪ್ರದರ್ಶನದಲ್ಲಿ ಆ ಸಕ್ಕರೆಗೆ ಬಹುಮಾನ ದೊರಕಿತು. ಬಂಡವಾಳ ಹಾಕುವವರಿಲ್ಲದೆ ಅದು ಆಗುತ್ತಿರಲಿಲ್ಲವೆಂಬದು ಸತ್ಯ. ಆದರೆ ಕಬ್ಬು ಕಡಿದವನೂ ಗಾಣಕ್ಕೆ ಕೊಟ್ಟವನೂ ಒಲೆಗೆ ಸಿಪ್ಪೆ ಹಾಕಿದವನೂ ಕೊಪ್ಪರಿಗೆಯ ಮುಂದೆ ನಿದ್ದೆಗೆಟ್ಟು ಪಾಕವನ್ನು ನೋಡಿದವನೂ ಇಲ್ಲದೆಯೂ ಅದು ಆಗುತ್ತಿರಲಿಲ್ಲ. ಬಹುಮಾನದ ಪತ್ರದಲ್ಲಿ ಒಂದು ಹೆಸರಿಗೆ ಮಾತ್ರ ಸ್ಥಳವಿರುತ್ತದೆ. ಬೆಲ್ಲದಲ್ಲಿ ನೂರು ಕೈಗಳು ಇರುತ್ತವೆ. ಯಾವ ದೊಡ್ಡ ಐಶ್ವರ್ಯವೂ ಒಬ್ಬನೇ ಮನುಷ್ಯನ ಬೆವರಲ್ಲ. ಇದನ್ನು ನೆನಪಿನಲ್ಲಿಟ್ಟ ಧನವಂತನು ತನ್ನ ಅಂಕಿಯನ್ನು ನೋಡಿ ಉಬ್ಬುವದಿಲ್ಲ. ತಾನು ಎಷ್ಟು ಜನರಿಗೆ ಋಣಿಯೆಂದು ಎಣಿಸುತ್ತಾನೆ.

ಈಗ ನಾವು ಈ ವಿಚಾರದ ಭಾರವಾದ ಭಾಗಕ್ಕೆ ಬರುತ್ತೇವೆ. ಇರುವದನ್ನೆಲ್ಲಾ ಕೂಡಿಸಿ ಸಾಲವನ್ನು ಕಳೆದರೆ ನಿವ್ವಳ ಎಂದೆವಷ್ಟೆ. ಈ ಗಣಿತವನ್ನು ನಮ್ಮ ಕಬ್ಬು ಬೆಳೆಗಾರನ ಮನೆಯಲ್ಲಿ ಮಾಡಿರಿ. ಒಂದೂವರೆ ಎಕರೆ ನೆಲ. ಅದರ ಪತ್ರವು ಅಡವಾಗಿದೆ. ಎರಡು ಹಸು, ಒಂದರ ಸಾಲ ತೀರಿಲ್ಲ. ಹೆಂಡತಿಯ ಸರವು ಬ್ಯಾಂಕಿನಲ್ಲಿದೆ. ಕೈಸಾಲ ಬೇರೆ. ಕೂಡಿಸಿ ಕಳೆದರೆ ಉತ್ತರವು ಸೊನ್ನೆಗಿಂತಲೂ ಕೆಳಗೆ ಹೋಗುತ್ತದೆ. ಹಾಗಾದರೆ ಆ ಮನುಷ್ಯನ ಬೆಲೆಯೇನು? ಕೋಟಿಗಳುಳ್ಳವನನ್ನು ದೊಡ್ಡವನೆಂದು ಕೊಂಡಾಡುವ ಗಣಿತವೇ ಇವನನ್ನು "ನೀನು ಏನೂ ಅಲ್ಲ; ಏನೂ ಅಲ್ಲದ್ದಕ್ಕಿಂತ ಕಡಿಮೆ" ಎಂದು ಹೇಳುತ್ತದೆ. ಒಂದನ್ನು ಒಪ್ಪಿ ಇನ್ನೊಂದನ್ನು ಬಿಡುವದಕ್ಕಾಗದು.

2015ರಲ್ಲಿ ಕಬ್ಬಿನ ಧಾರಣೆ ಕುಸಿದು, ಬಾಕಿ ಬಾರದೆ, ಸಾಲ ಮೇಲೆ ಸಾಲವಾಗಿ ಮಂಡ್ಯ ಜಿಲ್ಲೆಯಲ್ಲಿ ರೈತರು ಒಬ್ಬರ ಹಿಂದೆ ಒಬ್ಬರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಅವರನ್ನು ಕೊಂದದ್ದು ಸಾಲ ಒಂದೇ ಎಂದು ನಾವು ಹೇಳಲಾರೆವು. ಒಬ್ಬೊಬ್ಬನ ದುಃಖವೂ ಬೇರೆ ಬೇರೆ. ಆದರೆ ಸಾಲಗಾರನು ಬೀದಿಯಲ್ಲಿ ತಲೆಯೆತ್ತದ ಹಾಗೆ ಮಾಡುವದು ಸಾಲದ ಅಂಕಿಯೊಂದೇ ಅಲ್ಲ. ಆ ಅಂಕಿಯೇ ತಾನು ಎಂಬ ನಂಬಿಕೆಯೂ ಹೌದು. ಆ ನಂಬಿಕೆಯನ್ನು ಅವನಿಗೆ ಕಲಿಸಿದವರು ಯಾರು? ಧನವಂತನ ಕಾರು ಬಂದಾಗ ಎದ್ದು ನಿಂತು, ಸಾಲಗಾರನು ಬಂದಾಗ ಮುಖ ತಿರುಗಿಸಿದ ನಾವೇ ಅಲ್ಲವೇ? ಜಗಲಿಯ ಮೇಲೆ "ಅವನಿಗೆ ಆಸ್ತಿ ಎಷ್ಟು?" ಎಂದು ನಾವು ವಿನೋದಕ್ಕಾಗಿ ಆಡುವ ಮಾತನ್ನು ಗೋಡೆಯ ಆಚೆಯಲ್ಲಿ ಒಬ್ಬನು ತನ್ನ ಮೇಲಿನ ತೀರ್ಪೆಂದು ಕೇಳಿಸಿಕೊಳ್ಳುತ್ತಾನೆ.

ಆದಾಗ್ಯೂ ಬರಿಯ ಸಮಾಧಾನದ ಮಾತುಗಳಿಂದ ಸಾಲ ತೀರದು. ಕಬ್ಬನ್ನು ಒಪ್ಪಿಸಿದ 14 ದಿನಗಳೊಳಗೆ ಹಣ ಕೊಡಬೇಕೆಂದೂ ತಡವಾದರೆ ನೂರಕ್ಕೆ 15ರಂತೆ ಬಡ್ಡಿ ಸೇರಿಸಬೇಕೆಂದೂ 1966ರ ಕಬ್ಬು ನಿಯಂತ್ರಣ ಆಜ್ಞೆಯು ವಿಧಿಸಿದೆ. ರೈತನಿಗೆ ಸಲ್ಲತಕ್ಕದ್ದು ಸಕಾಲಕ್ಕೆ ಸಲ್ಲಬೇಕು. ಅದು ದಾನವಲ್ಲ, ನ್ಯಾಯ. ಮನುಷ್ಯನ ಬೆಲೆ ಹಣದಲ್ಲಿಲ್ಲವೆಂಬ ಮಾತನ್ನು ಅವನಿಗೆ ಕೊಡಬೇಕಾದ ಹಣವನ್ನು ಕೊಡದಿರುವದಕ್ಕೆ ನೆವವಾಗಿ ಹಿಡಿಯುವವನು ಆ ಮಾತನ್ನೇ ಕಳ್ಳತನ ಮಾಡುತ್ತಾನೆ.

ನಮ್ಮ ಕರ್ತನು ದೇವಾಲಯದ ಕಾಣಿಕೆಯ ಪೆಟ್ಟಿಗೆಯ ಎದುರಿಗೆ ಕೂತು ನೋಡಿದ ವೃತ್ತಾಂತವನ್ನು ನೀವು ಬಲ್ಲಿರಿ. ಧನವಂತರು ಹಾಕಿದ್ದನ್ನೂ ಬಡ ವಿಧವೆಯು ಹಾಕಿದ ಎರಡು ಕಾಸುಗಳನ್ನೂ ಆತನು ಕಂಡನು. ಆತನ ಲೆಕ್ಕದ ವಿಧಾನವು ನಮ್ಮದಕ್ಕೆ ಎದುರಾದದ್ದು. ನಾವು ಕೈಯಲ್ಲಿ ಉಳಿದದ್ದನ್ನು ಎಣಿಸಿ ಮನುಷ್ಯನನ್ನು ಅಳೆಯುತ್ತೇವೆ. ಆತನು ಕೊಟ್ಟ ಮೇಲೆ ಏನು ಉಳಿಯಿತೆಂದು ನೋಡಿ ಕೊಟ್ಟದ್ದನ್ನು ಅಳೆದನು. ಆತನು ಹೇಳಿದ ಇನ್ನೊಂದು ಸಾಮ್ಯದಲ್ಲಿ, ಬೆಳೆ ಹೆಚ್ಚಾಗಿ ಕಣಜಗಳನ್ನು ಕೆಡವಿ ದೊಡ್ಡದಾಗಿ ಕಟ್ಟಿಸಬೇಕೆಂದಿದ್ದ ಐಶ್ವರ್ಯವಂತನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಕೂಡಿಸಿದ್ದು ಸರಿಯಾಗಿಯೇ ಇತ್ತು. ಆ ರಾತ್ರಿಯೇ ತಾನು ಹೋಗಬೇಕೆಂಬ ಒಂದು ಬಾಬನ್ನು ಮಾತ್ರ ಅವನು ಬರೆದುಕೊಂಡಿರಲಿಲ್ಲ.

ಹಾಗಾದರೆ ಆಸ್ತಿಯ ಅಂಕಿಯಿಂದ ಒಳ್ಳೆಯ ಉಪಯೋಗವೇ ಇಲ್ಲವೋ? ಉಂಟು. 2002ರಲ್ಲಿ ನಮ್ಮ ದೇಶದ ಸುಪ್ರೀಂ ಕೋರ್ಟು, ಚುನಾವಣೆಗೆ ನಿಲ್ಲುವವರು ತಮ್ಮ ಆಸ್ತಿ, ಸಾಲ, ವಿದ್ಯೆ, ತಮ್ಮ ಮೇಲಿರುವ ಕ್ರಿಮಿನಲ್ ಮೊಕದ್ದಮೆಗಳು ಇವುಗಳನ್ನು ಜನರಿಗೆ ತಿಳಿಸತಕ್ಕದ್ದೆಂದು ತೀರ್ಪುಕೊಟ್ಟು, 2003ರಲ್ಲಿ ಅದನ್ನು ಮತ್ತೆ ದೃಢಪಡಿಸಿತು. ಜನರು ಬೆರಗಾಗಿ ಬಾಯಿ ತೆರೆಯಲೆಂದು ಹೀಗೆ ಮಾಡಲಿಲ್ಲ. ಮತ ಕೊಡುವವನಿಗೆ ತಿಳಿದುಕೊಳ್ಳುವ ಹಕ್ಕು ಉಂಟೆಂಬ ಕಾರಣದಿಂದ ಮಾಡಿತು. ಐದು ವರುಷ ಅಧಿಕಾರದಲ್ಲಿದ್ದವನ ಹಿಂದಿನ ಪತ್ರವನ್ನೂ ಈಗಿನ ಪತ್ರವನ್ನೂ ಪಕ್ಕಪಕ್ಕದಲ್ಲಿ ಇಟ್ಟು, "ಇದು ಹೇಗೆ ಬೆಳೆಯಿತು?" ಎಂದು ವಿಚಾರಿಸುವದು ವಿವೇಕ. "ಇಷ್ಟುಳ್ಳವನು ದೊಡ್ಡವನೇ ಇರಬೇಕು" ಎನ್ನುವದು ಅವಿವೇಕ. "ಇಷ್ಟುಳ್ಳವನು ಕಳ್ಳನೇ ಇರಬೇಕು" ಎನ್ನುವದು ಹೊಟ್ಟೆಕಿಚ್ಚು. ಮೂರಕ್ಕೂ ಅಂಕಿ ಒಂದೇ. ನೋಡುವ ಕಣ್ಣು ಬೇರೆ.

ಆದಕಾರಣ, ಪ್ರಿಯರೇ, ನಮ್ಮ ಮನೆಗಳಲ್ಲಿ ಕೆಲವು ಸಣ್ಣ ಕಾರ್ಯಗಳನ್ನು ತಿದ್ದಿಕೊಳ್ಳೋಣ. ಮಗಳಿಗೆ ವರನನ್ನು ನೋಡುವಾಗ ಅವನ ಎಕರೆಗಳನ್ನು ವಿಚಾರಿಸುವದಕ್ಕೆ ಮುಂಚೆ ಅವನು ತನ್ನ ತಾಯಿಯೊಂದಿಗೆ ಹೇಗೆ ಮಾತಾಡುತ್ತಾನೆಂದು ವಿಚಾರಿಸೋಣ. ಮದುವೆಯ ಚಪ್ಪರದಲ್ಲಿ ನೆರೆಯವನಿಗೆ ಸರಿಗಟ್ಟಬೇಕೆಂದು ಸಾಲಮಾಡಿ, ಇಲ್ಲದ ಅಂಕಿಯನ್ನು ಲೋಕಕ್ಕೆ ತೋರಿಸದಿರೋಣ. ಪಂಕ್ತಿಯಲ್ಲಿ ಕೂಡ್ರಿಸುವಾಗ ಕೈಗಡಿಯಾರವನ್ನು ನೋಡಿ ಎಲೆ ಹಾಕದಿರೋಣ. ಮಕ್ಕಳು ಯಾರೋ ನಟನ ಕೋಟಿಗಳನ್ನು ಹೇಳಿದಾಗ ಅವರನ್ನು ಗದರಿಸಬೇಕಾದದ್ದಿಲ್ಲ. ನಮ್ಮ ಮನೆಯ ಲೆಕ್ಕದ ಪುಸ್ತಕವನ್ನು ಅವರ ಮುಂದೆ ತೆರೆದು, ಬಂದದ್ದೆಷ್ಟು, ಹೋದದ್ದೆಷ್ಟು, ಯಾರ ಬೆವರಿನಿಂದ ಬಂತು ಎಂದು ತೋರಿಸೋಣ. ಪರರ ಕೋಟಿಗಳನ್ನು ಬಾಯಿಪಾಠ ಮಾಡುವದಕ್ಕಿಂತ ತಂದೆಯ ಸಾವಿರಗಳನ್ನು ಅರಿತುಕೊಳ್ಳುವದು ಅವರಿಗೆ ಹಿತ.

ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಬೀದಿಯಲ್ಲಿ ಸಾಲದಿಂದ ಕುಗ್ಗಿ ಒಬ್ಬಂಟಿಗನಾಗಿ ಇರುವವನು ಯಾರೆಂದು ನಮಗೆ ಗೊತ್ತೇ ಇದೆ. ಅವನು ಸಂತೆಗೆ ಬರುವದನ್ನು ಬಿಟ್ಟಿದ್ದಾನೆ, ಕೂಟಕ್ಕೆ ಬರುವದನ್ನು ಬಿಟ್ಟಿದ್ದಾನೆ. ಅವನ ಮನೆಗೆ ಹೋಗೋಣ. ಸಾಲದ ಮಾತನ್ನು ಅವನೇ ಎತ್ತುವ ತನಕ ನಾವು ಎತ್ತದೆ ಕೂತಿರೋಣ. ಎತ್ತಿದ ಮೇಲೆ ಅವನೊಂದಿಗೆ ಬ್ಯಾಂಕಿಗೂ ಸೊಸೈಟಿಗೂ ಜೊತೆಯಾಗಿ ನಡೆಯೋಣ. ಅವನ ಗದ್ದೆಯ ನೀರಿನ ಸರದಿಯನ್ನೋ ಹಸುವಿನ ಹಾಲನ್ನೋ ಮಕ್ಕಳ ಓದನ್ನೋ ಕುರಿತು, ಮೊದಲು ಹೇಗೆ ಮಾತಾಡುತ್ತಿದ್ದೆವೋ ಹಾಗೆಯೇ ಮಾತಾಡೋಣ. ತನ್ನ ಬೆಲೆಯು ಇಳಿದಿಲ್ಲವೆಂದು ಅವನು ಯಾವ ಪುಸ್ತಕದಿಂದಲೂ ತಿಳಿಯಲಾರನು. ಬಾಗಿಲಿಗೆ ಬಂದ ನೆರೆಯವನ ಮುಖದಿಂದ ತಿಳಿಯುವನು.